ಕಾರು ಬೀರುವಲ್ಲ, ನೆರಳು ಭಿಕ್ಷೆಯಲ್ಲ



ಶಿವರಾತ್ರಿಗೆ ಚಳಿಯು ಶಿವ ಶಿವಾ ಎಂದು ಹೊರಟುಹೋದ ಮೇಲೆ ನಮ್ಮ ಸೀಮೆಗೆ ಎರಡು ಸಂಗತಿಗಳು ಒಟ್ಟಿಗೆ ಬರುತ್ತವೆ. ಒಂದು ಬಿಸಿಲು, ಇನ್ನೊಂದು ಕಾರು. ಮಕ್ಕಳಿಗೆ ರಜೆ ಬಂದೊಡನೆ ಬೆಂಗಳೂರಿನಿಂದಲೂ ಅದಕ್ಕೂ ದೂರದ ಊರುಗಳಿಂದಲೂ ನೀವು ಬರುತ್ತೀರಿ. ಶ್ರೀರಂಗಪಟ್ಟಣದಲ್ಲಿ ರಂಗನಾಥನನ್ನು ಕಂಡು, ನಿಮಿಷಾಂಬೆಗೆ ಕೈಮುಗಿದು, ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಬೆಟ್ಟ ಹತ್ತಿ, ಕೃಷ್ಣರಾಜಪೇಟೆಯ ಕಡೆ ಹೊಸಹೊಳಲಿನ ಶಿಲ್ಪವನ್ನು ನೋಡಿ, ನಾಗಮಂಗಲದ ಸೌಮ್ಯಕೇಶವನನ್ನೂ ಆದಿಚುಂಚನಗಿರಿಯನ್ನೂ ಸಂದರ್ಶಿಸಿ ಹಿಂದಿರುಗುತ್ತೀರಿ. ಸಂತೋಷ. ಆದರೆ ಇತ್ತೀಚೆಗೆ ಬಂದವರೆಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: “ಮೇಷ್ಟ್ರೇ, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗಿನ ಸಾಮಾನು ಕೆಡದಂತಿರಲು ಯಾವ ಪರದೆ ಕೊಳ್ಳಬೇಕು?”

ಯಾವ ಪರದೆಯನ್ನೂ ನೆಚ್ಚಬೇಡಿ ಎಂಬುದು ನನ್ನ ಉತ್ತರ. ಈ ಉತ್ತರ ಯಾರಿಗೂ ಹಿಡಿಸಿದಂತೆ ಕಾಣದ ಕಾರಣ ಅದನ್ನು ವಿಸ್ತರಿಸಿ ಬರೆಯುತ್ತಿದ್ದೇನೆ. ನನ್ನ ವಾದದಲ್ಲಿ ಎರಡು ಭಾಗಗಳಿವೆ. ಮೊದಲನೆಯದು, ಕಾರನ್ನು ನಾವು ಬೀಗ ಹಾಕಿದ ಬೀರುವೆಂದು ಭಾವಿಸಿರುವುದು ತಪ್ಪು. ಬಿಸಿಲಿನಲ್ಲಿ ಅದು ಒಲೆ. ಎರಡನೆಯದು, ವಾಹನ ನಿಲುಗಡೆಗೆಂದು ಹಣ ವಸೂಲು ಮಾಡುವವರು ನೆರಳನ್ನು ಕೊಡಲೇಬೇಕು; ಅದು ಅವರ ಔದಾರ್ಯವಲ್ಲ, ಕರ್ತವ್ಯ.

ಒಲೆಯೆಂದದ್ದು ಅಲಂಕಾರಕ್ಕಲ್ಲ. ಗಾಜು ಬೆಳಕನ್ನು ಸಲೀಸಾಗಿ ಒಳಗೆ ಬಿಡುತ್ತದೆ. ಆ ಬೆಳಕು ಡ್ಯಾಶ್‌ಬೋರ್ಡಿಗೂ ಆಸನಕ್ಕೂ ಬಡಿದು ಶಾಖವಾಗುತ್ತದೆ. ಶಾಖವು ಒಳಗಿನ ಗಾಳಿಯನ್ನು ಕಾಯಿಸುತ್ತದೆ; ಕಾದ ಗಾಳಿ ಮೇಲೇರಿ ಹೊರಹೋಗಲು ದಾರಿಯಿಲ್ಲ. ಮರಳಿ ಹೊಮ್ಮುವ ಶಾಖಕಿರಣಗಳನ್ನೂ ಗಾಜು ಹೊರಗೆ ಬಿಡದು. ಬರುವ ಬಾಗಿಲು ತೆರೆದಿದ್ದು ಹೋಗುವ ಬಾಗಿಲು ಮುಚ್ಚಿದ ಮನೆಯ ಕಥೆ ಇದು.

2005ರಲ್ಲಿ ಅಮೆರಿಕದ ವೈದ್ಯರೂ ಹವಾಮಾನ ತಜ್ಞರೂ ಸೇರಿ ಪ್ರಕಟಿಸಿದ ಅಧ್ಯಯನವೊಂದಿದೆ. ಹೊರಗಿನ ಉಷ್ಣಾಂಶ 22ರಿಂದ 36 ಡಿಗ್ರಿ ಸೆಲ್ಸಿಯಸ್ ಇದ್ದ ದಿನಗಳಲ್ಲಿ ಅವರು ಬಿಸಿಲಿಗೆ ನಿಂತ ಕಾರಿನೊಳಗೆ ಅಳೆದರು. ಒಂದು ಗಂಟೆಯಲ್ಲಿ ಒಳಗಿನ ಗಾಳಿ ಸರಾಸರಿ 22 ಡಿಗ್ರಿಯಷ್ಟು ಏರಿತ್ತು. ಆ ಏರಿಕೆಯ ಶೇಕಡ 80 ಭಾಗ ಮೊದಲ ಅರ್ಧ ಗಂಟೆಯಲ್ಲೇ ಮುಗಿದಿತ್ತು. ಕಿಟಕಿಯ ಗಾಜನ್ನು ಒಂದೂವರೆ ಅಂಗುಲ ಇಳಿಸಿದರೂ ಹೇಳಿಕೊಳ್ಳುವ ವ್ಯತ್ಯಾಸವಾಗಲಿಲ್ಲ. “ಹತ್ತೇ ನಿಮಿಷ ಸಾರ್, ಬಂದುಬಿಡುತ್ತೇವೆ” ಎನ್ನುವವರೂ “ಗಾಜು ಸ್ವಲ್ಪ ಇಳಿಸಿದ್ದೇವೆ” ಎನ್ನುವವರೂ ಇದನ್ನು ಎರಡು ಸಲ ಓದಿಕೊಳ್ಳಬೇಕು. ನಮ್ಮಲ್ಲಿ ಏಪ್ರಿಲ್ ತಿಂಗಳಿನಲ್ಲಿ ಹೊರಗೇ 35 ಡಿಗ್ರಿ ದಾಟುವುದು ಅಪರೂಪವಲ್ಲ. ಕೂಡಿಸುವ ಲೆಕ್ಕ ನಿಮಗೆ ಬರುತ್ತದೆ.

ಇನ್ನು ಆ ಒಲೆಯೊಳಗೆ ನಾವು ಏನೇನು ಇಟ್ಟು ಹೋಗುತ್ತೇವೆಂಬುದನ್ನು ನೋಡೋಣ. ಐಫೋನಿನ ತಯಾರಕರೇ ಅದನ್ನು 45 ಡಿಗ್ರಿಗಿಂತ ಹೆಚ್ಚಿನ ಉಷ್ಣದಲ್ಲಿ ಇರಿಸಬಾರದು, ನಿಲ್ಲಿಸಿದ ಕಾರಿನಲ್ಲಿ ಬಿಡಬಾರದು ಎಂದು ಹೇಳಿದ್ದಾರೆ. ಲ್ಯಾಪ್‌ಟಾಪು, ಕ್ಯಾಮೆರಾ, ಪವರ್ ಬ್ಯಾಂಕುಗಳೊಳಗಿರುವುದೂ ಅದೇ ಲಿಥಿಯಂ ಬ್ಯಾಟರಿ. ಶಾಖದಲ್ಲಿ ಅದರ ಆಯುಸ್ಸು ಸವೆಯುತ್ತದೆ, ದೋಷವಿದ್ದ ಬ್ಯಾಟರಿ ಉಬ್ಬಿ ಉರಿಯಲೂಬಹುದು. ಸುಗಂಧದ್ರವ್ಯ ಚಿಮ್ಮಿಸುವ ಡಬ್ಬಿಗಳ ಮೇಲೆ 50 ಡಿಗ್ರಿಗಿಂತ ಹೆಚ್ಚಿನ ಶಾಖಕ್ಕೆ ಒಡ್ಡಬಾರದೆಂದು ಸಣ್ಣ ಅಕ್ಷರಗಳಲ್ಲಿ ಬರೆದಿರುತ್ತದೆ. ಅವನ್ನು ನಾವು ಇಡುವುದು ಡ್ಯಾಶ್‌ಬೋರ್ಡಿನ ಮೇಲೆ. ಬುತ್ತಿಯ ಮೊಸರನ್ನವಾಗಲಿ ಕೋಳಿ ಸಾರಾಗಲಿ, 32 ಡಿಗ್ರಿಗಿಂತ ಮೇಲಿನ ಸೆಕೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಕಾಲ ಇದ್ದರೆ ತಿನ್ನಲು ಯೋಗ್ಯವಲ್ಲವೆಂಬುದು ಅಮೆರಿಕದ ಕೃಷಿ ಇಲಾಖೆಯ ಸೂಚನೆ. ಊರಿನಿಂದ ಪ್ರೀತಿಯಿಂದ ಕಟ್ಟಿಕೊಟ್ಟ ಬೆಲ್ಲದ ಅಚ್ಚು ಆಸನಕ್ಕೆ ಅಂಟಿಕೊಂಡದ್ದು ಇವುಗಳಲ್ಲೆಲ್ಲ ಅತ್ಯಂತ ಸಣ್ಣ ನಷ್ಟ.

ದೊಡ್ಡ ನಷ್ಟ ಔಷಧಿಯದು. ಇನ್ಸುಲಿನ್ನನ್ನು ತೆರೆಯುವ ಮುನ್ನ 2ರಿಂದ 8 ಡಿಗ್ರಿಯಲ್ಲಿಯೂ, ಬಳಸತೊಡಗಿದ ಮೇಲೆ ಸಾಮಾನ್ಯವಾಗಿ 30 ಡಿಗ್ರಿಯೊಳಗೂ ಇಡಬೇಕು. ಗ್ಲಾಕೋಮಾಕ್ಕೆ ಹಾಕುವ ಲಟಾನೊಪ್ರೊಸ್ಟ್ ಹನಿಗೆ ತೆರೆದ ಮೇಲೆ ಮಿತಿ 25 ಡಿಗ್ರಿ. ಎದೆನೋವಿಗೆ ನಾಲಗೆಯಡಿ ಇಡುವ ನೈಟ್ರೋಗ್ಲಿಸರಿನ್ ಮಾತ್ರೆಯೂ ಶಾಖಕ್ಕೆ ಸತ್ವ ಕಳೆದುಕೊಳ್ಳುತ್ತದೆ. ಬೆಲ್ಲ ಕರಗಿದರೆ ಕಣ್ಣಿಗೆ ಕಾಣುತ್ತದೆ, ಅನ್ನ ಹಳಸಿದರೆ ಮೂಗಿಗೆ ತಿಳಿಯುತ್ತದೆ. ಔಷಧಿ ಸತ್ವಹೀನವಾದರೆ ಅನೇಕ ವೇಳೆ ನೋಟದಲ್ಲಿ ಏನೂ ಬದಲಾಗದು. ನಮ್ಮ ಬಳಗದ ಹಿರಿಯರೊಬ್ಬರಿಗೆ ಯಾತ್ರೆಯಿಂದ ಬಂದ ಮೇಲೆ ವಾರಗಟ್ಟಲೆ ಸಕ್ಕರೆ ಇಳಿಯಲಿಲ್ಲ. ಪಥ್ಯ ತಪ್ಪಿತೆಂದು ಮನೆಯವರೆಲ್ಲ ಅವರನ್ನೇ ಗದರಿದರು. ಕಡೆಗೆ ಹೊಸ ಬಾಟಲಿ ತಂದಾಗ ಎಲ್ಲವೂ ಸರಿಹೋಯಿತು. ಹಳೆಯ ಬಾಟಲಿ ಎರಡು ದಿನ ಮಧ್ಯಾಹ್ನ ಕಾರಿನ ಮುಂದಿನ ಪೆಟ್ಟಿಗೆಯಲ್ಲಿ ಬೆಂದಿತ್ತು.

ವಿಚಿತ್ರವೆಂದರೆ ನಾವು ಹೆದರಬೇಕಾದುದಕ್ಕೆ ಹೆದರದೆ, ಹೆದರಬೇಕಿಲ್ಲದುದಕ್ಕೆ ಹೆದರುತ್ತೇವೆ. 2020ರಲ್ಲಿ, ಕಾರಿನಲ್ಲಿಟ್ಟ ಸ್ಯಾನಿಟೈಸರ್ ತಾನಾಗಿ ಹೊತ್ತಿಕೊಳ್ಳುತ್ತದೆಂಬ ವದಂತಿ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಕಿಡಿಯ ಸೋಂಕಿಲ್ಲದೆ ಮದ್ಯಸಾರ ತಾನೇ ಹೊತ್ತಿಕೊಳ್ಳಲು 360 ಡಿಗ್ರಿಗೂ ಹೆಚ್ಚಿನ ಶಾಖ ಬೇಕು. ಬೇಸಗೆಯಲ್ಲಿ ಪೆಟ್ರೋಲ್ ಟ್ಯಾಂಕನ್ನು ಪೂರ್ತಿ ತುಂಬಿಸಿದರೆ ಸ್ಫೋಟವಾಗುತ್ತದೆಂಬುದು ಇನ್ನೊಂದು ವದಂತಿ. ಇಂಡಿಯನ್ ಆಯಿಲ್ ಸಂಸ್ಥೆಯೇ ಅದು ಸುಳ್ಳೆಂದು ಪ್ರಕಟಿಸಿದೆ. ಇಂತಹ ಸುದ್ದಿಗಳನ್ನು ನನಗೆ ಹತ್ತು ಸಲ ಕಳುಹಿಸುವ ನೀವು ಔಷಧಿಯ ಪೆಟ್ಟಿಗೆಯ ಮೇಲಿನ ಒಂದು ಸಾಲನ್ನು ಓದುವುದಿಲ್ಲ!

ಈಗ ಮಾರುಕಟ್ಟೆಯ ಪರಿಹಾರಗಳು. ಮುಂಗಾಜಿಗೆ ಒರಗಿಸುವ ಬೆಳ್ಳಿಬಣ್ಣದ ಪರದೆ ಡ್ಯಾಶ್‌ಬೋರ್ಡಿನ ಕಾವನ್ನು ತಗ್ಗಿಸುವುದು ನಿಜ, ಅಷ್ಟನ್ನು ಒಪ್ಪುತ್ತೇನೆ. ಆದರೆ ಉಳಿದ ಗಾಜುಗಳಿಂದಲೂ ಕಾದ ತಗಡಿನ ಮಾಡಿನಿಂದಲೂ ಬರುವ ಶಾಖಕ್ಕೆ ಅದು ಏನು ಮಾಡೀತು? ಕಪ್ಪು ಹಾಳೆಯ ವಿಷಯದಲ್ಲಿ ಕಾನೂನಿನ ತೊಡಕೂ ಇದೆ. 2012ರ ಏಪ್ರಿಲ್ 27ರಂದು ಸರ್ವೋಚ್ಚ ನ್ಯಾಯಾಲಯ ಕಾರಿನ ಗಾಜಿಗೆ ಹಾಳೆ ಅಂಟಿಸುವುದನ್ನೇ ನಿಷೇಧಿಸಿತು. ಆಮೇಲೆ ನಿಯಮ ತಿದ್ದುಪಡಿಯಾಗಿದೆ. 2024ರಲ್ಲಿ ಕೇರಳದ ಹೈಕೋರ್ಟು ಮಿತಿಯೊಳಗಿನ ಹಾಳೆಗೆ ದಂಡ ಹಾಕಲಾಗದೆಂದಿದೆ. ಮಿತಿಯೆಂದರೆ ಮುಂದಿನ ಹಿಂದಿನ ಗಾಜಿನಲ್ಲಿ ಶೇಕಡ 70, ಪಕ್ಕದ ಗಾಜಿನಲ್ಲಿ ಶೇಕಡ 50 ಬೆಳಕು ಹಾಯಲೇಬೇಕು. ಅಷ್ಟು ಬೆಳಕು ಹಾಯುವ ಗಾಜಿನ ಹಿಂದೆ ಇನ್ಸುಲಿನ್ ಸುರಕ್ಷಿತವೆಂದು ಹೇಳುವ ಧೈರ್ಯ ಯಾವ ಅಂಗಡಿಯವನಿಗಿದೆ? ಡಿಕ್ಕಿಯಲ್ಲಿ ನೇರ ಬಿಸಿಲು ಬೀಳದು, ಆದರೆ ಅದೂ ಕಾಯುವ ತಗಡಿನ ಪೆಟ್ಟಿಗೆಯೇ.

ಆದ್ದರಿಂದ ಮೊದಲ ಮಾತು ಇಷ್ಟೆ. ಕೆಡುವ ವಸ್ತು ನಿಮ್ಮೊಡನೆ ಇಳಿಯಲಿ. ಔಷಧಿ ಉಷ್ಣನಿರೋಧಕ ಚೀಲದಲ್ಲಿ ಹೆಗಲ ಮೇಲಿರಲಿ. ಬುತ್ತಿಯನ್ನು ಮೊದಲು ಉಣ್ಣಿ, ಆಮೇಲೆ ಬೆಟ್ಟ ಹತ್ತಿ.

“ಇಳಿಸಿಕೊಂಡು ಹೋದರೆ ಇಡುವುದೆಲ್ಲಿ ಮೇಷ್ಟ್ರೇ?” ಎಂದು ನೀವು ಕೇಳಿದರೆ ಆ ಪ್ರಶ್ನೆ ನ್ಯಾಯವಾದುದು. 2023ರ ಜುಲೈನಲ್ಲಿ ಮುಜರಾಯಿ ಇಲಾಖೆಯ ದೇವಾಲಯಗಳೊಳಗೆ ಮೊಬೈಲ್ ಬಳಕೆಯನ್ನು ಸರ್ಕಾರ ನಿಷೇಧಿಸಿತು. ದೇವರೆದುರು ಫೋನು ಹಿಡಿದು ನಿಲ್ಲುವವರನ್ನು ಕಂಡವರಿಗೆಲ್ಲ ಅದು ಸರಿಯೆನಿಸಿತು, ನನಗೂ. ಆದರೆ ಬಾಗಿಲಲ್ಲಿ ತಗಾದೆ ಬೇಡವೆಂದು ಜನ ಫೋನನ್ನು ಕಾರಿನಲ್ಲೇ ಬಿಟ್ಟುಹೋಗುತ್ತಾರೆ. ಚಪ್ಪಲಿ ಕಾಯುವುದಕ್ಕೆ ಒಬ್ಬ ಮನುಷ್ಯನನ್ನು ಕೂರಿಸಬಲ್ಲ ನಮಗೆ, ಚೀಟಿ ಕೊಟ್ಟು ಫೋನನ್ನೂ ಔಷಧಿಯ ಚೀಲವನ್ನೂ ಕಾಯಲು ಇನ್ನೊಬ್ಬನನ್ನು ಎಲ್ಲ ಕಡೆ ಕೂರಿಸಲು ಏಕಾಗದು? ಬೇಡವೆನ್ನುವವನು ಇಡುವ ಜಾಗವನ್ನೂ ತೋರಿಸಬೇಕು.

ಇಲ್ಲಿಂದಲೇ ನನ್ನ ಎರಡನೆಯ ಮಾತು ಹುಟ್ಟುತ್ತದೆ. ಅರಿಜೋನಾದ ವಿಶ್ವವಿದ್ಯಾಲಯವೊಂದರ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಳತೆಗಳನ್ನು ನೋಡಿ. ಹೊರಗೆ 38 ಡಿಗ್ರಿಯ ಆಸುಪಾಸಿನಲ್ಲಿ ಒಂದು ಗಂಟೆ ನಿಂತ ಕಾರುಗಳಲ್ಲಿ, ಬಿಸಿಲಿನಲ್ಲಿದ್ದವುಗಳ ಡ್ಯಾಶ್‌ಬೋರ್ಡು ಸರಾಸರಿ 69 ಡಿಗ್ರಿ ಮುಟ್ಟಿತ್ತು, ನೆರಳಿನಲ್ಲಿದ್ದವುಗಳದು 48. ಒಳಗಿನ ಗಾಳಿ ಬಿಸಿಲಿನಲ್ಲಿ 47, ನೆರಳಿನಲ್ಲಿ 38. ನೆರಳೂ ಔಷಧಿಗೆ ಸಾಲದು ಎಂಬುದನ್ನು ಈ ಅಂಕಿಗಳೇ ಹೇಳುತ್ತವೆ. ಅದಕ್ಕೇ ಮೊದಲ ಮಾತನ್ನು ಮೊದಲು ಹೇಳಿದೆ. ಆದರೆ ಡ್ಯಾಶ್‌ಬೋರ್ಡಿನಲ್ಲಿ ಇಪ್ಪತ್ತೊಂದು ಡಿಗ್ರಿಯ ಇಳಿಕೆ ಸಾಮಾನ್ಯವೇ? ಮರ ಅದನ್ನು ಬಿಟ್ಟಿಯಾಗಿ ಕೊಡುತ್ತದೆ.

ಈ ನಾಲ್ಕು ತಾಲ್ಲೂಕುಗಳಲ್ಲಿ ಜನ ಕಾರಿಳಿಯುವ ಸ್ಥಳಗಳನ್ನು ಎಣಿಸಿ. ಸಂಗಮ, ಗುಂಬಜ್, ದರಿಯಾದೌಲತ್, ರಂಗನತಿಟ್ಟು; ತೊಣ್ಣೂರು ಕೆರೆ, ಕುಂತಿಬೆಟ್ಟ; ಕಿಕ್ಕೇರಿ, ಹೇಮಗಿರಿ, ಹಿನ್ನೀರಿನ ದಡದ ವರಾಹನಾಥ ಕಲ್ಲಹಳ್ಳಿ; ಕಂಬದಹಳ್ಳಿ, ಆದಿಚುಂಚನಗಿರಿ. ಅಲ್ಲಲ್ಲಿ ಮರಗಳಿವೆ, ಇಲ್ಲವೆನ್ನುವುದಿಲ್ಲ. ಆದರೆ ಭಾನುವಾರ ಹನ್ನೊಂದು ಗಂಟೆಗೆ ಬಂದವನಿಗೆ ನೆರಳು ಉಳಿದಿರುತ್ತದೆಯೆ? ಮೇಲುಕೋಟೆಯ ವೈರಮುಡಿ ಬರುವುದೇ ಫಾಲ್ಗುಣದಲ್ಲಿ, ಬಿಸಿಲು ಏರುವ ಹೊತ್ತಿಗೆ. ನಮ್ಮ ಹಿರಿಯರು ಕಾಲ್ನಡೆಯವನಿಗೂ ಎತ್ತಿನ ಗಾಡಿಗೂ ದಾರಿಯುದ್ದಕ್ಕೂ ಸಾಲುಮರ, ಅರಳಿಕಟ್ಟೆ, ಮಂಟಪ, ಅರವಟ್ಟಿಗೆಗಳನ್ನು ಮಾಡಿದ್ದರು. ಎತ್ತನ್ನು ಬಿಸಿಲಿಗೆ ಕಟ್ಟಿ ದೇವರ ದರ್ಶನಕ್ಕೆ ಹೋದವನನ್ನು ಊರು ಬೈಯುತ್ತಿತ್ತು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ 118 ಕಿಲೋಮೀಟರಿನ ಬೆಂಗಳೂರು–ಮೈಸೂರು ಹೆದ್ದಾರಿ ನಿಮ್ಮನ್ನು ಬೇಗ ಇಲ್ಲಿಗೆ ತಲುಪಿಸುತ್ತದೆ, ಸರಿ. ಹಳೆಯ ರಸ್ತೆಯ ಬದಿಯ ಮರಗಳು ಒಂದೊಂದು ಅಗಲೀಕರಣಕ್ಕೂ ಉರುಳಿದುದನ್ನು ಕಂಡ ನಮ್ಮ ತಲೆಮಾರಿಗೆ ಆ ವೇಗದ ಬೆಲೆ ಗೊತ್ತು.

ಆಕ್ಷೇಪಗಳನ್ನು ಬಲ್ಲೆ. ಮರದಡಿ ನಿಲ್ಲಿಸಿದರೆ ಹಕ್ಕಿ ಹಿಕ್ಕೆ ಹಾಕುತ್ತದೆ, ಬಣ್ಣ ಕೆಡುತ್ತದೆ ಎನ್ನುತ್ತೀರಿ. ಒಂದು ಚೊಂಬು ನೀರಿಗೆ ಹೋಗುವ ಕಲೆಗೆ ಅಂಜಿ ಒಲೆಯನ್ನು ಆರಿಸಿಕೊಳ್ಳುವುದು ಯಾವ ಜಾಣತನ? ತೆಂಗಿನ ಮರದಡಿ ನಿಲ್ಲಿಸಬೇಡಿ, ಅಷ್ಟೆ. ಮರ ಬೆಳೆಯಲು ವರ್ಷಗಳು ಬೇಕೆನ್ನುತ್ತೀರಿ. ನಿಜ, ಹತ್ತು ವರ್ಷದ ಹಿಂದೆ ನೆಟ್ಟಿದ್ದರೆ ಇಂದು ಈ ಲೇಖನ ಬೇಕಿರಲಿಲ್ಲ. ಹೊಂಗೆ ನಮ್ಮ ಮಣ್ಣಿನದೇ ಮರ. ಯುಗಾದಿಯ ಹೊತ್ತಿಗೆ, ನೆರಳು ಅತ್ಯಂತ ಬೇಕಾದಾಗ, ಹೊಸ ಚಿಗುರಿನಿಂದ ತುಂಬಿಕೊಳ್ಳುತ್ತದೆ. ಬೆಳೆದ ಒಂದು ಹೊಂಗೆಯ ಕೆಳಗೆ ಮೂರು ನಾಲ್ಕು ಕಾರು ನಿಲ್ಲಬಹುದು. ನೂರು ಕಾರಿನ ಬಯಲಿಗೆ ಮೂವತ್ತು ಸಸಿ ಸಾಕು. ಅದುವರೆಗೆ ಚಪ್ಪರ ಹಾಕಬಹುದು, ಅಥವಾ ಕೊಚ್ಚಿ ವಿಮಾನ ನಿಲ್ದಾಣದಲ್ಲಿ ಮಾಡಿರುವಂತೆ ಕಾರುಗಳ ಮೇಲೆ ಸೌರಫಲಕಗಳ ಚಾವಣಿ ಕಟ್ಟಬಹುದು. ಫ್ರಾನ್ಸ್ ದೇಶವು 2023ರಲ್ಲಿ ದೊಡ್ಡ ನಿಲುಗಡೆ ಬಯಲುಗಳಿಗೆ ಇಂತಹ ಚಾವಣಿಯನ್ನು ಕಾನೂನಿನ ಮೂಲಕವೇ ವಿಧಿಸಿತು. ಹಣವೆಲ್ಲಿ ಎಂದು ಕೇಳುವವರು ನಿಲುಗಡೆಯ ಚೀಟಿಯ ಬುಡವನ್ನು ನೋಡಲಿ. ಹುಲಿಕಲ್ಲು–ಕುದೂರು ರಸ್ತೆಯಲ್ಲಿ ಆಲದ ಸಾಲನ್ನೇ ಬೆಳೆಸಿ 2025ರ ನವೆಂಬರಿನಲ್ಲಿ ನಮ್ಮನ್ನಗಲಿದ ಸಾಲುಮರದ ತಿಮ್ಮಕ್ಕನವರು ಯಾವ ಅನುದಾನಕ್ಕೂ ಕಾಯದೆ ಕೊಡದಲ್ಲಿ ನೀರು ಹೊತ್ತವರು.

ಕೊನೆಯದಾಗಿ, ಸಾಮಾನಿನ ಮಾತಾಡುತ್ತ ಹೇಳದೆ ಬಿಡಲಾಗದ ಒಂದು ವಿಷಯ. 2025ರ ಏಪ್ರಿಲ್‌ನಲ್ಲಿ ತೆಲಂಗಾಣದ ಚೇವೆಳ್ಳದ ಬಳಿ ಇಬ್ಬರು ಹೆಣ್ಣುಮಕ್ಕಳು, ಮೇ ತಿಂಗಳಿನಲ್ಲಿ ಆಂಧ್ರದ ವಿಜಯನಗರಂ ಸಮೀಪದ ದ್ವಾರಪೂಡಿಯಲ್ಲಿ ನಾಲ್ವರು ಮಕ್ಕಳು ನಿಂತಿದ್ದ ಕಾರಿನೊಳಗೆ ಸಿಲುಕಿ ತೀರಿಕೊಂಡರು. ಆಟವಾಡುತ್ತ ಹತ್ತಿದ ಕೂಸುಗಳು. ಅರಿಜೋನಾದ ಆ ಅಧ್ಯಯನದ ಪ್ರಕಾರ ಎರಡು ವರ್ಷದ ಮಗುವಿನ ಮೈಶಾಖ ಬಿಸಿಲಿನ ಕಾರಿನಲ್ಲಿ ಸುಮಾರು ಒಂದು ಗಂಟೆಯಲ್ಲಿ, ನೆರಳಿನ ಕಾರಿನಲ್ಲೂ ಎರಡು ಗಂಟೆಯೊಳಗೆ ಪ್ರಾಣಾಂತಿಕ ಮಟ್ಟಕ್ಕೆ ಏರಬಲ್ಲದು. ನಿದ್ದೆ ಮಾಡುತ್ತಿದೆಯೆಂದು ಮಗುವನ್ನು, ಮಂಡಿನೋವೆಂದು ಅಜ್ಜಿಯನ್ನು ಕಾರಿನಲ್ಲಿ ಕೂರಿಸಿ ಬೀಗ ಹಾಕುವ ಅಭ್ಯಾಸ ಇಂದೇ ನಿಲ್ಲಲಿ. ಮನೆಯ ಮುಂದೆ ನಿಂತ ಕಾರಿಗೂ ಬೀಗ ಹಾಕಿ, ಕೀಲಿಕೈ ಮಕ್ಕಳ ಕೈಗೆಟುಕದಿರಲಿ.

ನಿಮ್ಮಲ್ಲಿ ಪಂಚಾಯಿತಿ ಸದಸ್ಯರಿದ್ದೀರಿ, ಎಂಜಿನಿಯರುಗಳಿದ್ದೀರಿ, ಅರಣ್ಯ ಇಲಾಖೆಯಲ್ಲಿರುವವರೂ ದೇವಾಲಯಗಳ ಸಮಿತಿಗಳಲ್ಲಿರುವವರೂ ಇದ್ದೀರಿ. ನಿಲುಗಡೆ ಶುಲ್ಕ ವಸೂಲಿಯ ಹರಾಜು ನಡೆಯುವಲ್ಲೆಲ್ಲ ಷರತ್ತುಗಳ ಪಟ್ಟಿಗೆ ಎರಡು ಸಾಲು ಸೇರಿಸಿರಿ: ಇಂತಿಷ್ಟು ವಾಹನಕ್ಕೆ ಒಂದು ಮರ ಅಥವಾ ಚಾವಣಿ, ಮತ್ತು ಚೀಟಿ ಕೊಟ್ಟು ಸಾಮಾನು ಕಾಯುವ ಒಂದು ಕೊಠಡಿ. ಉಳಿದವರು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿರಿ. ಮುಂಗಾರು ಹಿಡಿದೊಡನೆ ಸಸಿ ನೆಡುವವರು ತಿಳಿಸಿದರೆ, ಗುದ್ದಲಿ ಹಿಡಿಯಲು ಆಗದಿದ್ದರೂ ಬೇಲಿ ಕಟ್ಟುವವರ ಪಕ್ಕದಲ್ಲಿ ಛತ್ರಿ ಹಿಡಿದು ನಿಲ್ಲಲು ನಾನು ಬರುತ್ತೇನೆ.