ಗುಡ್ಡಕ್ಕೆ ಹೊರಟ ಸಿಲಿಂಡರಿನ ಪೈಪು ನೋಡುವವರು ಯಾರು?

ಬನದ ಹುಣ್ಣಿಮೆ, ಭರತ ಹುಣ್ಣಿಮೆ ಹತ್ತಿರ ಬಂದಾಗ ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಕಡೆಯಿಂದ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೊರಡುವ ಟ್ರ್ಯಾಕ್ಟರುಗಳ ಟ್ರೇಲರಿನೊಳಗೆ ಒಮ್ಮೆ ಇಣುಕಿ ನೋಡಿ. ಕೆಳಗೆ ಹೊಟ್ಟು, ಅದರ ಮೇಲೆ ಜಮಖಾನೆ, ತಲೆಯ ಮೇಲೆ ಬಿಗಿದ ತಾಡಪತ್ರಿ. ಮೂಲೆಯಲ್ಲಿ ಹಿಟ್ಟಿನ ಚೀಲ, ಬೆಲ್ಲ, ಕಡಲೆಬೇಳೆ. ಅದರ ಪಕ್ಕದಲ್ಲೇ ಅಡ್ಡ ಮಲಗಿಸಿದ ಕೆಂಪು ಸಿಲಿಂಡರ್, ರೆಗ್ಯುಲೇಟರ್ ಸಮೇತ.

ಯಾಕೆ ಮಲಗಿಸಿದಿರಿ ಎಂದು ಕೇಳಿದೆವು. "ನಿಲ್ಲಿಸಿದರ ಉರುಳತೈತ್ರಿ ಸರ. ಹತ್ತ ವರ್ಷದಿಂದ ಹಿಂಗ ಬರ್ತೇವಿ, ಏನೂ ಆಗಿಲ್ಲ" ಎಂದರು ಹಿರಿಯರೊಬ್ಬರು. ಅವರ ಮಾತಿನಲ್ಲಿ ಸುಳ್ಳಿಲ್ಲ. ಹಾಗೆಂದು ಅವರನ್ನು ಬೈಯುವ ಉದ್ದೇಶವೂ ನಮಗಿಲ್ಲ. ಸಿಲಿಂಡರಿನಲ್ಲಿರುವುದು ದ್ರವ, ಮಲಗಿಸಿದರೆ ಆ ದ್ರವ ವಾಲ್ವಿನ ಬಾಯಿಗೇ ಬಂದು ನಿಲ್ಲುತ್ತದೆ, ಸೋರಿದರೆ ಸುಮಾರು 250 ಪಟ್ಟು ಹಿಗ್ಗಿ ಅನಿಲವಾಗುತ್ತದೆ ಎಂದು ಅವರಿಗೆ ಯಾರೂ ಕೂತು ಹೇಳಿಲ್ಲ. ನಮ್ಮ ತಕರಾರು ಇರುವುದು ಹೇಳಬೇಕಾದವರ ಮೇಲೆ.

ವಿದೇಶಗಳಲ್ಲಿ ಕ್ಯಾರವಾನ್ ಎಂಬ ಗಾಲಿಮನೆಗಳಿವೆ. ಅವುಗಳಲ್ಲಿ ಫ್ರಿಜ್ ಕೂಡ ಗ್ಯಾಸಿನ ಸಣ್ಣ ಉರಿಯಿಂದಲೇ ನಡೆಯುತ್ತದೆ. ಉರಿ ಕಾಯಿಸಿದರೆ ತಣ್ಣಗಾಗುವ ಆ ಪವಾಡ ಇಲ್ಲಿ ಬೇಡ. ಅಲ್ಲಿಂದ ಕಲಿಯಬೇಕಾದದ್ದು ಬೇರೆ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ನೀರಿನಂತೆ ಹರಡಿ ನಿಲ್ಲುತ್ತದೆ. ಹಾಗಾಗಿ ಅಲ್ಲಿ ಸಿಲಿಂಡರ್ ಇಡುವ ಪೆಟ್ಟಿಗೆಯ ತಳದಲ್ಲೇ ಹೊರಗೆ ತೆರೆದ ಕಿಂಡಿ ಇರುತ್ತದೆ. ನಮ್ಮ ಟ್ರೇಲರಿಗೆ ಸುತ್ತ ಕಬ್ಬಿಣದ ಹಲಗೆ, ಮೇಲೆ ತಾಡಪತ್ರಿ. ಸೋರಿದ ಅನಿಲ ಕೂಡುವುದು ಮಕ್ಕಳು ಮಲಗಿರುವ ಮಟ್ಟದಲ್ಲಿ. ಕ್ರೂಸರ್, ಟೆಂಪೋಗಳ ಕತೆ ಇನ್ನೂ ಇಕ್ಕಟ್ಟು.

ಇದೆಲ್ಲ ನಮ್ಮ ಊಹೆ ಎನ್ನುವವರು 2023ರ ಆಗಸ್ಟ್ 26 ನೆನಪಿಸಿಕೊಳ್ಳಲಿ. ಮಧುರೈನಲ್ಲಿ ನಿಲ್ಲಿಸಿದ್ದ ರೈಲು ಬೋಗಿಗೆ ಬೆಂಕಿ ಬಿತ್ತು. ಒಳಗಿದ್ದವರು ಲಖನೌ ಕಡೆಯಿಂದ ಬಂದ ಯಾತ್ರಿಕರು. ಕದ್ದು ತಂದಿದ್ದ ಸಿಲಿಂಡರಿನಲ್ಲಿ ಚಹಾ ಮಾಡಲು ಹೋಗಿದ್ದರು. 9 ಜನ ಸತ್ತರು. ಗಾಡಿ ಓಡುತ್ತಲೂ ಇರಲಿಲ್ಲ.

ಗ್ಯಾಸ್ ಯಾಕೆ ತರುತ್ತೀರಿ, ಕಟ್ಟಿಗೆ ಸುಡಿ ಎಂದು ಉಪದೇಶ ಮಾಡುವವರಿದ್ದಾರೆ. ಒಳ್ಳೆಯ ಮಾತು! 2016ರಲ್ಲಿ ಉಜ್ವಲ ಯೋಜನೆ ತಂದು ಹೊಗೆ ಬಿಡಿ, ಗ್ಯಾಸ್ ಹಿಡಿಯಿರಿ ಎಂದವರು ನೀವೇ. ಹೋಳಿಗೆ, ಕಡಬು ಅಲ್ಲೇ ಮಾಡಿ ಪಡಲಗಿ ತುಂಬಿಸುವುದು ಜನರ ಹರಕೆ. ಅದನ್ನು ಅವರು ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ.

ಹಾಗಾದರೆ ಏನು ಆಗಬೇಕು? ರಬ್ಬರ್ ಪೈಪಿಗೆ ಆಯುಷ್ಯ ಐದು ವರ್ಷ. ಅದರ ಮೈಮೇಲೆ ವರ್ಷ ಅಚ್ಚಾಗಿರುತ್ತದೆ. ಸಿಲಿಂಡರಿನ ಮೇಲಿನ ಪಟ್ಟಿಯಲ್ಲಿ ಎ, ಬಿ, ಸಿ, ಡಿ ಎಂಬ ಅಕ್ಷರಗಳಲ್ಲಿ ಒಂದು, ಪಕ್ಕದಲ್ಲಿ ಎರಡು ಅಂಕಿ. ಎ ಎಂದರೆ ಜನವರಿಯಿಂದ ಮಾರ್ಚ್, ಡಿ ಎಂದರೆ ಅಕ್ಟೋಬರಿನಿಂದ ಡಿಸೆಂಬರ್, ಅಂಕಿ ವರ್ಷ. ಆ ಅವಧಿ ದಾಟಿದರೆ ಸಿಲಿಂಡರ್ ಮರುಪರೀಕ್ಷೆಗೆ ಹೋಗಬೇಕು. ಗ್ರಾಹಕರ ಮನೆಗೆ ಬಂದು ಪೈಪು, ಒಲೆ, ರೆಗ್ಯುಲೇಟರ್ ನೋಡುವುದು ಏಜೆನ್ಸಿಯ ಕೆಲಸ. ನಮ್ಮಲ್ಲೊಬ್ಬರ ಮನೆಗೆ ಬಂದ ಹುಡುಗ ಬಾಗಿಲಲ್ಲೇ ಸಹಿ ಹಾಕಿಸಿಕೊಂಡು ಹೋದ. ಒಲೆ ಯಾವ ದಿಕ್ಕಿಗಿದೆ ಎಂದೂ ಕೇಳಲಿಲ್ಲ.

ಗುಡ್ಡದಲ್ಲಿ ವಾಹನ ನಿಲ್ಲುವ ಜಾಗದಲ್ಲಿ ಜಾತ್ರೆಯ ದಿನಗಳಲ್ಲಿ ಒಂದು ಮೇಜು ಹಾಕಿ. ಸಾಬೂನಿನ ನೀರು, ಹೊಸ ಪೈಪು, ವಾಲ್ವಿಗೆ ಹಾಕುವ ಮುಚ್ಚಳ ಇಡಿ. ಐದು ಕೆಜಿಯ ಸಣ್ಣ ಸಿಲಿಂಡರ್ ವಿಳಾಸದ ದಾಖಲೆ ಇಲ್ಲದೆ, ಗುರುತಿನ ಚೀಟಿಯ ಮೇಲೆ ಸಿಗುತ್ತದೆ. ಅದನ್ನು ಗುಡ್ಡದಲ್ಲೇ ಮಾರಿದರೆ ಮೂವತ್ತು ಕೆಜಿ ತೂಗುವ ತುಂಬಿದ ಮನೆಯ ಸಿಲಿಂಡರನ್ನು ಯಾರು ಹೊತ್ತು ತರುತ್ತಾರೆ? ವಾಹನಗಳ ವಸೂಲಿಗೆ ಜನ ಸಿಗುತ್ತಾರೆ, ಪೈಪು ನೋಡಲು ಸಿಗುವುದಿಲ್ಲವೇ?

ಜನರಿಗೆ ಗೊತ್ತಿರದ ಇನ್ನೊಂದು ಸಂಗತಿ. ಗ್ಯಾಸ್ ಅವಘಡಕ್ಕೆ ತೈಲ ಕಂಪನಿಗಳ ವಿಮೆ ಇದೆ. ಆದರೆ ಆಸ್ತಿ ನಷ್ಟದ ಪರಿಹಾರ ಗ್ರಾಹಕರ ನೋಂದಾಯಿತ ವಿಳಾಸಕ್ಕೆ ಮಾತ್ರ. ಸುಟ್ಟದ್ದು ಗುಡ್ಡದ ಬಯಲಿನಲ್ಲಿ ನಿಂತ ಟ್ರೇಲರ್ ಆದರೆ ಆ ಹಣ ಬರುವುದಿಲ್ಲ.

ಜನವರಿಯ ಚಳಿಯಲ್ಲಿ ತಾಡಪತ್ರಿ ಇಳಿಬಿಟ್ಟು ಒಳಗೇ ಒಲೆ ಹಚ್ಚಿ ಕೂರುವವರನ್ನೂ ನೋಡಿದ್ದೇವೆ. ಉರಿ ನೀಲಿಯಿಂದ ಹಳದಿಗೆ ತಿರುಗಿದರೆ ಗ್ಯಾಸ್ ಸರಿಯಾಗಿ ಸುಡುತ್ತಿಲ್ಲ, ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತಿರಬಹುದು ಎಂದರ್ಥ. ಸೋರುವ ಗ್ಯಾಸಿಗೆ ಬೇಕೆಂದೇ ವಾಸನೆ ಬೆರೆಸಿರುತ್ತಾರೆ. ಇದಕ್ಕೆ ವಾಸನೆಯೇ ಇಲ್ಲ, ಮಲಗಿದವರು ಏಳುವುದಿಲ್ಲ.

ನಮ್ಮ ವೃತ್ತಿಯ ಪಾಲೂ ಇದರಲ್ಲಿದೆ. ಇಂಥ ಬೆಂಕಿ ಎಲ್ಲೇ ಆಗಲಿ "ಸಿಲಿಂಡರ್ ಸ್ಫೋಟ" ಎಂದು ನಾಲ್ಕು ಸಾಲು ಬರೆದು ಕಳಿಸುತ್ತೇವೆ. ಬಹಳ ಸಲ ಸಿಲಿಂಡರ್ ಒಡೆದೇ ಇರುವುದಿಲ್ಲ. ಪೈಪು ಸೋರಿ, ಕೂಡಿದ ಅನಿಲಕ್ಕೆ ಕಿಡಿ ತಗುಲಿರುತ್ತದೆ. ಸ್ಫೋಟ ಎಂದು ಬರೆದರೆ ವಿಧಿ ಎಂದಾಗುತ್ತದೆ. ಪೈಪು ಎಂದು ಬರೆದರೆ ಅದು ಯಾವ ವರ್ಷದ್ದು, ಯಾರು ನೋಡಬೇಕಿತ್ತು ಎಂಬ ಪ್ರಶ್ನೆ ಏಳುತ್ತದೆ. ಡೆಸ್ಕಿನವರು ಕತ್ತರಿಸಿದರೂ ಸರಿ, ಇನ್ನು ಮುಂದೆ ನಾವು ಪೈಪಿನ ವರ್ಷ ಕೇಳಿಯೇ ಬರೆಯುತ್ತೇವೆ.

ಬರುವ ಬನದ ಹುಣ್ಣಿಮೆಗೆ ಮೊದಲು ನಾಲ್ಕೂ ಊರಿನ ಗ್ಯಾಸ್ ಏಜೆನ್ಸಿಗಳಿಗೆ ಹೋಗಿ, ಕಳೆದ ವರ್ಷ ಎಷ್ಟು ಮನೆಗಳ ಪೈಪು ನೋಡಿದಿರಿ ಎಂದು ಕೇಳಲಿದ್ದೇವೆ. ಕೊಟ್ಟ ಉತ್ತರವನ್ನು, ಕೊಡದಿದ್ದರೆ ಕೊಡಲಿಲ್ಲವೆಂಬುದನ್ನು, ಇಲ್ಲಿಯೇ ಹಾಕುತ್ತೇವೆ. ಅಷ್ಟರೊಳಗೆ ಹೊರಡುವವರು ಗಾಡಿ ಏರುವ ಮೊದಲು ರೆಗ್ಯುಲೇಟರ್ ಬಿಚ್ಚಿ, ಮುಚ್ಚಳ ಹಾಕಿ, ಸಿಲಿಂಡರನ್ನು ನಿಲ್ಲಿಸಿ ಹಗ್ಗದಿಂದ ಬಿಗಿಯಿರಿ. ಸೋರಿದರೆ ಕರೆ ಮಾಡಬೇಕಾದ ನಂಬರ್ 1906.