ಜ್ವರಕ್ಕೆಲ್ಲ ಸೂಜಿಮದ್ದೇ?

“ಒಂದು ಇಂಜೆಕ್ಷನ್ ಕೊಟ್ಟುಬಿಡಿ, ಡಾಕ್ಟರೇ” ಎಂಬ ಮಾತನ್ನು ಕೇಳದ ವೈದ್ಯರಿಲ್ಲ. ಗುಳಿಗೆ ಬರೆದುಕೊಟ್ಟರೆ ಮದ್ದೇ ಕೊಡಲಿಲ್ಲವೆಂಬ ಅಸಮಾಧಾನ. ಸೂಜಿ ಚುಚ್ಚಿದರೆ ತೆತ್ತ ಹಣ ಸಾರ್ಥಕ! ಈ ಮೋಹ ಎಲ್ಲ ಊರುಗಳಲ್ಲಿಯೂ ಉಂಟು. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆ, ಅದರಲ್ಲಿಯೂ ಜನವರಿಯಿಂದ ಮೇ ತಿಂಗಳವರೆಗೆ, ಅದು ಅಪಾಯಕ್ಕೆ ದಾರಿ. ಬೇಸಿಗೆಯ ರಜೆಗೆ ಮಕ್ಕಳೊಡನೆ ಅಲ್ಲಿನ ತೌರಿಗೆ ಹೊರಡುವ ತಾಯಂದಿರು ಇದನ್ನು ತಿಳಿದಿರುವುದು ಲೇಸು.

ಕಾರಣ, ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ಜ್ವರ ಉಣ್ಣೆಯ ಕಡಿತದಿಂದ ಬರುತ್ತದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಹಲವರ ಪ್ರಾಣ ತೆಗೆಯಿತು. ಇದರ ವೈರಸ್ಸನ್ನು ಕೊಲ್ಲುವ ಔಷಧ ಇನ್ನೂ ಇಲ್ಲವಾದ್ದರಿಂದ ‘ಜ್ವರದ ಸೂಜಿ’ಯಿಂದ ರೋಗ ವಾಸಿಯಾಗದು. ಅಷ್ಟೇ ಆಗಿದ್ದರೆ ಹಣ ಮಾತ್ರ ದಂಡವೆನ್ನಬಹುದಿತ್ತು. ಈ ಜ್ವರದಲ್ಲಿ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳು ಕುಗ್ಗುತ್ತವೆ. ಆಗ ಮಾಂಸಖಂಡಕ್ಕೆ ಸೂಜಿ ಹೊಕ್ಕರೆ ಒಳಗೊಳಗೇ ರಕ್ತ ಜಿನುಗಿ, ಚರ್ಮ ನೀಲಿಗಟ್ಟಿ, ಗಡ್ಡೆಯಾಗಿ ನಿಲ್ಲಬಹುದು. ನೋವಿಗೆಂದು ಚುಚ್ಚುವ ಡೈಕ್ಲೋಫೆನಾಕ್ ರಕ್ತಸ್ರಾವವನ್ನು ಹೆಚ್ಚಿಸಲೂಬಲ್ಲದು.

ವಿಚಿತ್ರವೆಂದರೆ, ಇಷ್ಟೊಂದು ಸೂಜಿಪ್ರಿಯರಾದ ಜನರೇ ಮಂಗನ ಕಾಯಿಲೆಯ ಲಸಿಕೆಗೆ, ಅದು ಬಹಳ ನೋಯುತ್ತದೆಂದು, ಹಿಂದೆಗೆದದ್ದುಂಟು! ಆ ಲಸಿಕೆಯಿಂದ ದೊರೆಯುವ ರಕ್ಷಣೆ ಸಾಲದೆಂದು ಕಂಡು 2022ರಲ್ಲಿ ಅದನ್ನು ನಿಲ್ಲಿಸಲಾಯಿತು.

ಇನ್ನು ಸೂಜಿ ಶುಚಿಯಾಗಿಲ್ಲದಿದ್ದರೆ? ಎರಡು ಮೂರು ದಿನಗಳಲ್ಲಿ ಕೆಂಪಾಗಿ, ಬಿಸಿಯಾಗಿ ಕೀವುಗಟ್ಟುವ ಬಾವನ್ನು ಎಲ್ಲರೂ ಬಲ್ಲರು. ಹೆಚ್ಚು ಜನ ಅರಿಯದ್ದು ಇನ್ನೊಂದುಂಟು. ನೀರಿನಲ್ಲಿಯೂ ಮಣ್ಣಿನಲ್ಲಿಯೂ ಇರುವ, ಕ್ಷಯದ ರೋಗಾಣುವಿಗೆ ದಾಯಾದಿಗಳಾದ ಕೆಲವು ಸೂಕ್ಷ್ಮಜೀವಿಗಳು ಸೂಜಿಯೊಡನೆ ಒಳಹೊಕ್ಕು, ವಾರಗಟ್ಟಲೆ ಸುಮ್ಮನಿದ್ದು, ಆಮೇಲೆ ಗಂಟಾಗಿ ತಲೆಯೆತ್ತುತ್ತವೆ. ನೋವು ಅಷ್ಟಾಗಿ ಇರದು. ಗಂಟು ಒಡೆದು ಸೋರುತ್ತದೆ, ಮಾಯ್ದಂತೆ ಕಾಣುತ್ತದೆ, ಪುನಃ ಸೋರುತ್ತದೆ. ಸಾಮಾನ್ಯ ಆಂಟಿಬಯಾಟಿಕ್‌ಗಳಿಗೆ ಜಗ್ಗದು. ಇಂಥದನ್ನು ಹಿಸುಕುತ್ತ, ಶಾಖ ಕೊಡುತ್ತ ಕಾಲ ಕಳೆಯಬಾರದು. ಸೂಜಿ ಹಾಕಿಸಿದ ದಿನವನ್ನು ವೈದ್ಯರಿಗೆ ತಿಳಿಸಿ, ಸೋರುವ ಕೀವನ್ನು ಪರೀಕ್ಷೆ ಮಾಡಿಸಬೇಕು.

ಕಾಡಿನ ಅಂಚಿಗೆ ಹೋಗಿಬಂದ ಮಗುವಿಗೆ ವಾರದೊಳಗೆ ಜ್ವರ, ತಲೆನೋವು, ಮೈಕೈನೋವು ಬಂದರೆ ಸೂಜಿಮದ್ದನ್ನು ಕೇಳದೆ ರಕ್ತಪರೀಕ್ಷೆಯನ್ನು ಕೇಳಿರಿ. ಅಲ್ಲಿಯೂ ಸೂಜಿ ಇದ್ದೇ ಇದೆ. ಆದರೆ ಅದು ತೆಗೆದುಕೊಳ್ಳಲು, ಕೊಡಲು ಅಲ್ಲ! ಇಂಜೆಕ್ಷನ್ ಅವಶ್ಯವೇ ಎಂದು ವೈದ್ಯರು ಹೇಳಿದಲ್ಲಿ, ಹೊಸ ಸಿರಿಂಜಿನ ಪೊಟ್ಟಣವನ್ನು ನಿಮ್ಮ ಕಣ್ಣೆದುರಿಗೆ ಒಡೆಯುವಂತೆ ಕೇಳಿರಿ. ಡಾಕ್ಟರು ಬೇಸರಪಟ್ಟಾರೆಂಬ ಸಂಕೋಚ ಬೇಡ.