ಬಂದಿದ್ದನ್ನ ಹಾಗೇ ಕಳಿಸಿದೀನಿ ಅಷ್ಟೇ

ಕನ್ನಡದಲ್ಲಿ ‘ಅಂತೆ’ ಅಂತ ಒಂದು ಪುಟ್ಟ ಪದ ಇದೆ. ಎರಡೇ ಅಕ್ಷರ. ‘ಮಕ್ಕಳ ಕಳ್ಳರು ಬಂದಿದ್ದಾರಂತೆ’ ಅಂದರೆ ನಾನು ಕಣ್ಣಾರೆ ನೋಡಿಲ್ಲ, ಯಾರೋ ಹೇಳಿದ್ದು, ನಂಬೋದು ಬಿಡೋದು ನಿಮಗೆ ಸೇರಿದ್ದು ಅನ್ನೋ ಮೂರೂ ಮಾತು ಅದರೊಳಗೇ ಬಂದುಬಿಡುತ್ತೆ. ಜಗಲಿ ಮೇಲೆ ಕೂತು ಊರಿನ ಸುದ್ದಿಯೆಲ್ಲ ಹಂಚುತ್ತಿದ್ದ ನಮ್ಮ ಅಜ್ಜಿಯಂದಿರು ಈ ‘ಅಂತೆ’ಯನ್ನು ಎಂದೂ ಕೈಬಿಟ್ಟವರಲ್ಲ. ಅಂತೆ-ಕಂತೆ ಅಂತ ಅದನ್ನೇ ಗೇಲಿ ಮಾಡುವ ವಿವೇಕವೂ ಅವರಿಗಿತ್ತು. ವಾಟ್ಸಾಪ್ ಬಂದ ಮೇಲೆ ಮೊದಲು ಸತ್ತದ್ದು ಈ ‘ಅಂತೆ’. ನಿಮ್ಮ ಫೋನಿನ ಫಾರ್ವರ್ಡುಗಳಲ್ಲಿ ಅದನ್ನು ಹುಡುಕಿ ನೋಡಿ, ಸಿಗಲ್ಲ. ಅಲ್ಲಿ ಎಲ್ಲವೂ ‘ಬಂದಿದ್ದಾರೆ’, ‘ನಡೆದಿದೆ’, ‘ಸಂಚು ಬಯಲಾಗಿದೆ’. ಯಾರಾದರೂ ಕೇಳಿದರೆ ಮಾತ್ರ ಆಮೇಲೆ ಒಂದು ಉತ್ತರ ರೆಡಿ ಇರುತ್ತೆ: ‘ನಂಗೆ ಬಂದಿದ್ದನ್ನ ಹಾಗೇ ಕಳಿಸಿದೀನಿ ಅಷ್ಟೇ.’

ಇಷ್ಟು ಹೇಡಿತನದ ವಾಕ್ಯವನ್ನು ನಾನು ಬೇರೆ ಕೇಳಿಲ್ಲ.

2018ರ ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆ ಕಡೆ, ಮೆಜೆಸ್ಟಿಕ್‌ನಿಂದ ನಡೆದೇ ಹೋಗಬಹುದಾದ ಜಾಗದಲ್ಲಿ, ರಾಜಸ್ಥಾನದಿಂದ ಕೆಲಸ ಹುಡುಕಿಕೊಂಡು ಬಂದಿದ್ದ 26 ವರ್ಷದ ಯುವಕನನ್ನು ಹಗ್ಗದಲ್ಲಿ ಕಟ್ಟಿ, ಬೀದಿಯಲ್ಲಿ ಎಳೆದಾಡಿ, ಹೊಡೆದು ಕೊಂದರು. ಮಕ್ಕಳ ಕಳ್ಳ ಅನ್ನೋದು ಆರೋಪ. ಎರಡು ತಿಂಗಳೊಳಗೆ, ಜುಲೈ 13ಕ್ಕೆ, ಬೀದರ್ ಜಿಲ್ಲೆ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತ. ಆತ, ಆತನ ಗೆಳೆಯರು ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಅಷ್ಟೇ. ಅವರ ಕಾರಿಗಿಂತ ಮುಂಚೆ ಅವರ ಸುದ್ದಿ ವಾಟ್ಸಾಪಿನಲ್ಲಿ ಮುಂದಿನ ಊರು ತಲುಪಿತ್ತು, ರಸ್ತೆಗೆ ಅಡ್ಡ ಹಾಕಿ ಜನ ಕಾಯುತ್ತಿದ್ದರು. ಬಿಡಿಸಲು ಹೋದ ಪೊಲೀಸರೂ ಏಟು ತಿಂದರು.

ಆ ವರ್ಷ ದೇಶವೆಲ್ಲ ಓಡಾಡಿದ ವಿಡಿಯೋ ನಿಮಗೂ ಬಂದಿರಬಹುದು. ಗಲ್ಲಿಯಲ್ಲಿ ಮಕ್ಕಳು ಆಡುತ್ತಿರುತ್ತಾರೆ, ಬೈಕಿನಲ್ಲಿ ಇಬ್ಬರು ಬಂದು ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ನೋಡಿದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತೆ. ಅದು ಪಾಕಿಸ್ತಾನದ ಕರಾಚಿಯಲ್ಲಿ, ಕಳೆದುಹೋದ ಮಕ್ಕಳಿಗಾಗಿ ಕೆಲಸ ಮಾಡುವ ಸಂಸ್ಥೆಯೊಂದು ಮಾಡಿಸಿದ ಜಾಗೃತಿ ಜಾಹೀರಾತು. ಪೂರ್ತಿ ವಿಡಿಯೋದಲ್ಲಿ ಅದೇ ಬೈಕು ವಾಪಸ್ ಬರುತ್ತೆ, ಮಗುವನ್ನು ಇಳಿಸುತ್ತೆ, ಒಬ್ಬಾತ ಫಲಕ ಎತ್ತಿ ಹಿಡಿಯುತ್ತಾನೆ, ಮಗುವನ್ನು ಕದಿಯೋಕೆ ಎಷ್ಟು ಕಡಿಮೆ ಹೊತ್ತು ಸಾಕು ನೋಡಿ ಅಂತ. ಯಾರೋ ಆ ಕೊನೆಯ ಭಾಗ ಕತ್ತರಿಸಿದರು. ಮಕ್ಕಳನ್ನು ಕಾಪಾಡಿ ಅಂತ ಮಾಡಿದ ಚಿತ್ರವೇ ಅಮಾಯಕರನ್ನು ಕೊಲ್ಲೋಕೆ ಸಾಕ್ಷಿಯಾಯಿತು.

ಮುರ್ಕಿಯವರು ಹಳ್ಳಿ ಜನ, ಮುಗ್ಧರು, ಸ್ಮಾರ್ಟ್‌ಫೋನ್ ಹೊಸದು, ನಾವು ಹಾಗಲ್ಲ ಅಂತ ನೀವು ಒಳಗೊಳಗೇ ಸಮಾಧಾನ ಮಾಡಿಕೊಳ್ಳುತ್ತಿದ್ದರೆ 2012ರ ಆಗಸ್ಟ್ ನೆನಪಿಸಿಕೊಳ್ಳಿ. ಕೆಲವರಿಗೆ ಆಗ ಇನ್ನೂ ಕಾಲೇಜು. ಅಸ್ಸಾಮಿನ ಕೊಕ್ರಜಾರ್‌ನಲ್ಲಿ ಗಲಭೆಯಾಗಿತ್ತು. ರಂಜಾನ್ ಮುಗಿದ ಕೂಡಲೇ ಬೆಂಗಳೂರಿನಲ್ಲಿರುವ ಈಶಾನ್ಯದವರ ಮೇಲೆ ದಾಳಿ ಆಗುತ್ತೆ ಅಂತ ಎಸ್ಸೆಮ್ಮೆಸ್ ಹಬ್ಬಿತು. ಆಗಸ್ಟ್ 15ರ ಸ್ವಾತಂತ್ರ್ಯ ದಿನದಂದೇ ಸಾವಿರಾರು ಜನ ಬ್ಯಾಗು ಹೊತ್ತು ಸಿಟಿ ರೈಲ್ವೆ ಸ್ಟೇಷನ್ನಿಗೆ ಬಂದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಕೇಂದ್ರ ಸರ್ಕಾರ 15 ದಿನ ಸಾಮೂಹಿಕ ಎಸ್ಸೆಮ್ಮೆಸ್ಸನ್ನೇ ನಿಲ್ಲಿಸಿತು, ದಿನಕ್ಕೆ ಐದೇ ಮೆಸೇಜು. ಇದೆಲ್ಲ ಆಗಿದ್ದು ಯಾವ ಕುಗ್ರಾಮದಲ್ಲೂ ಅಲ್ಲ, ದೇಶದ ಐಟಿ ರಾಜಧಾನಿಯಲ್ಲಿ, ವಾಟ್ಸಾಪ್ ಇನ್ನೂ ಎಲ್ಲರ ಕೈಗೆ ಬರುವ ಮೊದಲೇ. ಅಂದರೆ ತಪ್ಪನ್ನು ಆ್ಯಪ್ ಮೇಲೆ ಹಾಕಿ ಕೈತೊಳೆದುಕೊಳ್ಳೋಕೂ ಆಗಲ್ಲ.

ಓದಿದವರು ನಂಬೋದಿಲ್ಲ ಅನ್ನೋದೇ ಒಂದು ದೊಡ್ಡ ಕಟ್ಟುಕಥೆ. ನನ್ನ ಅನುಭವದಲ್ಲಿ ಓದಿದವರು ಇನ್ನೂ ಚೆನ್ನಾಗಿ ನಂಬುತ್ತಾರೆ, ಯಾಕಂದ್ರೆ ನಂಬಿದ್ದಕ್ಕೆ ಕಾರಣ ಪೋಣಿಸುವ ಕಲೆ ಅವರಿಗೆ ಗೊತ್ತು. ಹೊಸ 2,000 ರೂಪಾಯಿ ನೋಟಿನೊಳಗೆ ಚಿಪ್ ಇದೆ, ನೆಲದೊಳಗೆ ಹೂತಿಟ್ಟರೂ ಉಪಗ್ರಹಕ್ಕೆ ಸಿಗ್ನಲ್ ಹೋಗುತ್ತೆ ಅನ್ನೋ ಕಥೆಯನ್ನು 2016ರ ನವೆಂಬರಿನಲ್ಲಿ ನನಗೆ ವಿವರಿಸಿದ್ದು ಒಬ್ಬ ಎಲೆಕ್ಟ್ರಾನಿಕ್ಸ್ ಎಂಜಿನಿಯರ್. ಬ್ಯಾಟರಿ ಎಲ್ಲಿದೆ ಸ್ವಾಮಿ ಅಂತ ಕೇಳಿದ್ದಕ್ಕೆ ‘ಅದೇ ನೋಡಿ ಟೆಕ್ನಾಲಜಿ’ ಅಂದರು.

ಆ ನೋಟಿನ ಕಥೆಗೆ ನಕ್ಕು ಸುಮ್ಮನಾಗಬಹುದು. ಎಲ್ಲ ಕಥೆಗಳೂ ಹಾಗಲ್ಲ. ನಮ್ಮ ಫ್ಯಾಮಿಲಿ ಗ್ರೂಪುಗಳಲ್ಲಿ ವರ್ಷಕ್ಕೆರಡು ಸಲ ತಪ್ಪದೆ ಬರುವ ಇನ್ನೊಂದಿದೆ: ಮುಸ್ಲಿಮರು ಬೇಕಂತಲೇ, ಯೋಜನೆ ಹಾಕಿಕೊಂಡು ಜನಸಂಖ್ಯೆ ಹೆಚ್ಚಿಸುತ್ತಿದ್ದಾರೆ, ಇನ್ನಿಷ್ಟೇ ವರ್ಷದಲ್ಲಿ ನಾವು ಅಲ್ಪಸಂಖ್ಯಾತರು. ಕಳಿಸುವವರು ಚಿಕ್ಕಪ್ಪ, ಅತ್ತಿಗೆ, ನಿವೃತ್ತ ಮೇಷ್ಟ್ರು, ಎಲ್ಲ ಒಳ್ಳೆಯವರೇ. ಸರ್ಕಾರದ್ದೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಇದೆಯಲ್ಲ, ಅದನ್ನು ತೆಗೆದು ನೋಡಿ. 1992-93ರಲ್ಲಿ ಒಬ್ಬ ಮುಸ್ಲಿಂ ಮಹಿಳೆಗೆ ಸರಾಸರಿ 4.4 ಮಕ್ಕಳು, 2019-21ಕ್ಕೆ ಅದು 2.36. ಅದೇ ಅವಧಿಯಲ್ಲಿ ಹಿಂದೂಗಳದ್ದು 3.3ರಿಂದ 1.94ಕ್ಕೆ ಇಳಿದಿದೆ. ಇಬ್ಬರದ್ದೂ ಇಳಿಯುತ್ತಿದೆ, ಹೆಚ್ಚು ಇಳಿದಿರುವುದು ಮುಸ್ಲಿಮರದ್ದು. ಬಿಹಾರದ ಹಿಂದೂ ಮಹಿಳೆಗೆ ಕೇರಳದ ಮುಸ್ಲಿಂ ಮಹಿಳೆಗಿಂತ ಹೆಚ್ಚು ಮಕ್ಕಳಿದ್ದಾರೆ. ಮಕ್ಕಳ ಸಂಖ್ಯೆಯನ್ನು ಹೆಚ್ಚುಕಮ್ಮಿ ತೀರ್ಮಾನ ಮಾಡೋದು ತಾಯಿಯ ಓದು, ಮನೆಯ ಆದಾಯ, ಹತ್ತಿರದ ಆಸ್ಪತ್ರೆ. ಇದನ್ನು ಗ್ರೂಪಿನಲ್ಲಿ ಹಾಕಿದರೆ ಯಾರೂ ತಪ್ಪು ಅನ್ನಲ್ಲ. ಒಂದು ಕೈಮುಗಿಯೋ ಇಮೋಜಿ ಬರುತ್ತೆ, ಆರು ತಿಂಗಳಿಗೆ ಅದೇ ಫಾರ್ವರ್ಡ್ ಮತ್ತೆ ಬರುತ್ತೆ.

ಬರೋದು ಯಾಕೆ ಅಂದ್ರೆ ಅದು ಸುದ್ದಿಯಲ್ಲ, ಸಲಕರಣೆ. ಇದರ ದೊಡ್ಡಪ್ಪ ಯುರೋಪಿನಲ್ಲಿದ್ದಾನೆ. ‘ಪ್ರೊಟೊಕಾಲ್ಸ್ ಆಫ್ ದಿ ಎಲ್ಡರ್ಸ್ ಆಫ್ ಝಯಾನ್’ ಅಂತ, ಯಹೂದಿ ಹಿರಿಯರು ಕೂತು ಜಗತ್ತನ್ನು ನುಂಗುವ ಸಂಚು ಮಾಡಿದ ದಾಖಲೆ ಅನ್ನುವ ಹೆಸರಿನಲ್ಲಿ 1903ರಲ್ಲಿ ರಷ್ಯಾದ ಒಂದು ಪತ್ರಿಕೆಯಲ್ಲಿ ಬಂತು. 1921ರಲ್ಲಿ ಲಂಡನ್ನಿನ ‘ದಿ ಟೈಮ್ಸ್’ ಅದರ ಬಣ್ಣ ಬಯಲು ಮಾಡಿತು. ಮೊರಿಸ್ ಜೋಲಿ ಅನ್ನುವ ಫ್ರೆಂಚ್ ಲೇಖಕ 1864ರಲ್ಲಿ ಮೂರನೇ ನೆಪೋಲಿಯನ್ನನನ್ನು ಗೇಲಿ ಮಾಡಿ ಬರೆದ ಪುಸ್ತಕದಿಂದ ಪ್ಯಾರಾಗಟ್ಟಲೆ ಕದ್ದಿದ್ದರು. ಆ ಮೂಲದಲ್ಲಿ ಯಹೂದಿಗಳ ಸಂಚಿನ ಸುದ್ದಿಯೇ ಇಲ್ಲ. ಸುಳ್ಳು ಅಂತ ಸಾಬೀತಾಯಿತು, ಆಮೇಲೆ ಏನಾಯ್ತು? ನಾಜಿಗಳು ಅದನ್ನೇ ಅಚ್ಚು ಹಾಕಿ ಹಂಚಿದರು. ಫ್ಯಾಕ್ಟ್‌ಚೆಕ್ ಒಂದರಿಂದಲೇ ಎಲ್ಲ ಸರಿಹೋಗುತ್ತೆ ಅಂತ ನಂಬಿರುವ ನನ್ನ ಪತ್ರಕರ್ತ ಮಿತ್ರರಿಗೆ ನಾನು ಇದನ್ನೇ ಹೇಳೋದು.

ಇಲ್ಲಿಯವರೆಗೆ ಓದಿ ತಲೆಯಾಡಿಸುತ್ತಿರುವ ಪ್ರಗತಿಪರ ಗೆಳೆಯರೇ, ನಿಮಗೂ ಸ್ವಲ್ಪ ಇದೆ. ಇವಿಎಂ ಹ್ಯಾಕ್ ಆಗಿದೆ ಅಂತ ಪ್ರತಿ ಸೋಲಿನ ರಾತ್ರಿ ಪೋಸ್ಟ್ ಹಾಕುವ ನಿಮ್ಮಲ್ಲಿ ಎಷ್ಟು ಜನ 2023ರ ಮೇ ತಿಂಗಳಲ್ಲಿ ಕಾಂಗ್ರೆಸ್ಸಿಗೆ 135 ಸೀಟು ಬಂದಾಗ ಅದೇ ಪೋಸ್ಟ್ ಹಾಕಿದಿರಿ? ಯಂತ್ರದ ಬಗ್ಗೆ ಪ್ರಶ್ನೆ ಕೇಳಬೇಕು, ವಿವಿಪ್ಯಾಟ್ ಚೀಟಿ ಎಷ್ಟು ಎಣಿಸಬೇಕು ಅಂತ ವಾದ ಮಾಡಬೇಕು, ಅದು ಬೇರೆ. ಗೆದ್ದಾಗ ಒಳ್ಳೆಯದಾಗಿ ಸೋತಾಗ ಕೆಡುವ ಯಂತ್ರ ಇರೋದು ನಮ್ಮ ತಲೆಯಲ್ಲಿ ಮಾತ್ರ.

ಅಲ್ಪಸಂಖ್ಯಾತರೂ ಈ ಕಾಯಿಲೆಯಿಂದ ಹೊರಗಿಲ್ಲ. ಪೋಲಿಯೊ ಹನಿ ಹಾಕಿಸಿದರೆ ಮಕ್ಕಳಾಗಲ್ಲ, ಇದು ನಮ್ಮ ಸಂತತಿ ನಿಲ್ಲಿಸುವ ಹುನ್ನಾರ ಅಂತ ಪಶ್ಚಿಮ ಉತ್ತರ ಪ್ರದೇಶದ ಎಷ್ಟೋ ಮುಸ್ಲಿಂ ಮನೆಗಳು ಬಾಗಿಲು ಹಾಕಿಕೊಂಡವು. ಅವರ ಭಯ ಆಕಾಶದಿಂದ ಬಿದ್ದಿದ್ದಲ್ಲ. ತುರ್ತು ಪರಿಸ್ಥಿತಿಯಲ್ಲಿ ಹಿಡಿದು ಹಿಡಿದು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದ ಇದೇ ಸರ್ಕಾರಿ ಜೀಪು ಅವರಿಗೆ ನೆನಪಿತ್ತು. ಆದರೆ ಭಯಕ್ಕೆ ಕಾರಣ ಇದೆ ಅಂದ ಮಾತ್ರಕ್ಕೆ ಕಥೆ ನಿಜವಾಗಲ್ಲ, ಕಾಲು ಹೋಗಿದ್ದು ಅವರ ಮಕ್ಕಳದ್ದೇ. ಅದನ್ನು ಸರಿಮಾಡಿದ್ದು ಬೈಗುಳವಲ್ಲ. ಮಸೀದಿಯ ಇಮಾಮರೇ ಮೈಕಿನಲ್ಲಿ ಕೂಗಿದರು, ಅದೇ ಮೊಹಲ್ಲಾದ ಹೆಂಗಸರು ಮನೆಮನೆ ಬಾಗಿಲು ತಟ್ಟಿದರು. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೊಮುಕ್ತ ಅಂತ ಪ್ರಮಾಣಪತ್ರ ಸಿಕ್ಕಿತು. ನಂಬಿಕೆ ಹೋದ ಜಾಗಕ್ಕೇ ಹೋಗಿ ನಂಬಿಕೆ ಸಂಪಾದಿಸಿದರು. ನಿಧಾನದ, ಬೇಜಾರಿನ ಕೆಲಸ.

ಹಾಗಾದ್ರೆ ಸಂಚುಗಳೇ ಇಲ್ವಾ? ಯಾಕಿಲ್ಲ! ಧಾರಾಳವಾಗಿವೆ. ನನ್ನ ನಿಜವಾದ ಜಗಳ ಇರೋದೇ ಇಲ್ಲಿ. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ಕೊಟ್ಟ ಗಣಿ ವರದಿ ಒಂದು ಸಂಚಿನ ಕಥೆ. ಬಳ್ಳಾರಿಯ ಗುಡ್ಡ ಅಗೆದವರು, ಪರ್ಮಿಟ್ ಬರೆದವರು, ತೂಕ ನೋಡದೆ ಲಾರಿ ಬಿಟ್ಟವರು, ಬಂದರಿನಲ್ಲಿ ಕಣ್ಣುಮುಚ್ಚಿದವರು, ಎಲ್ಲ ಅದರಲ್ಲಿದ್ದಾರೆ. ರಾಜ್ಯಕ್ಕಾದ ನಷ್ಟ 16,085 ಕೋಟಿ ರೂಪಾಯಿ ಅಂತ ಲೆಕ್ಕ ಹಾಕಿದರು. ಒಬ್ಬ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಅದಕ್ಕೂ ಒಂದು ವರ್ಷ ಮೊದಲು ಬೇಲೆಕೇರಿ ಬಂದರಿನಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿಟ್ಟಿದ್ದ ಲಕ್ಷಗಟ್ಟಲೆ ಟನ್ ಅದಿರು ಮಾಯವಾಗಿತ್ತು. ಅದಿರು ಸ್ವಾಮಿ, ಜೇಬಿನಲ್ಲಿಟ್ಟುಕೊಂಡು ಹೋಗೋ ವಸ್ತುವಲ್ಲ. ಇದಕ್ಕಿಂತ ರೋಚಕ ಕಥೆ ಬೇಕಾ? ಆದರೂ ಈ ವರದಿಯ ಒಂದು ಪುಟವೂ ನನಗೆ ಇವತ್ತಿನವರೆಗೆ ಫಾರ್ವರ್ಡ್ ಆಗಿ ಬಂದಿಲ್ಲ.

ಯಾಕಂದ್ರೆ ನಿಜವಾದ ಸಂಚು ಓದೋಕೆ ಬಲು ಬೋರು. ಅದರಲ್ಲಿ ಸರ್ವೆ ನಂಬರ್ ಇರುತ್ತೆ, ಚಲನ್ ಇರುತ್ತೆ, ಕಡತದ ಬದಿಯಲ್ಲಿ ಯಾರೋ ಅಧಿಕಾರಿ ಗೀಚಿದ ಸಹಿ ಇರುತ್ತೆ. ಇನ್ನೂ ತೊಂದರೆ ಅಂದ್ರೆ ಅದರ ಫಲಾನುಭವಿಗಳು ನಮ್ಮ ಜಾತಿಯವರು, ನಮ್ಮ ಪಕ್ಷದವರು, ಒಮ್ಮೊಮ್ಮೆ ನಾವೇ ಆಗಿರುತ್ತೇವೆ. ಸುಳ್ಳು ಸಂಚಿನಲ್ಲಿ ಕಳ್ಳ ಯಾವಾಗಲೂ ಬೇರೆಯವನು: ಬೇರೆ ಧರ್ಮದವನು, ಬೇರೆ ಭಾಷೆಯವನು, ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವನು. ದೇವರನ್ನು ಕೈಬಿಟ್ಟ ಮನುಷ್ಯ ಆ ಖಾಲಿ ಜಾಗದಲ್ಲಿ ಯಾರಿದ್ದಾರೆ ಅಂತ ಹುಡುಕೋದರಿಂದ ಇಂಥ ಕಥೆಗಳು ಹುಟ್ಟುತ್ತವೆ ಅಂತ ಕಾರ್ಲ್ ಪಾಪರ್ ವಾದಿಸಿದ್ದ. ನಮ್ಮಲ್ಲಿ ದೇವರನ್ನು ಯಾರೂ ಕೈಬಿಟ್ಟಿಲ್ಲ, ಆದರೂ ಕಥೆಗಳಿಗೆ ಬರವಿಲ್ಲ. ನಾವು ಹುಡುಕುತ್ತಿರೋದು ದೇವರ ಜಾಗಕ್ಕಲ್ಲ, ರಾಕ್ಷಸನ ಜಾಗಕ್ಕೆ. ಸಿಕ್ಕಿದರೆ ನೆಮ್ಮದಿ. ಕೆಲಸ ಸಿಗದಿದ್ದರೆ ಅವನೇ, ಬಾಡಿಗೆ ಏರಿದರೆ ಅವನೇ.

2022ರ ಸೆಪ್ಟೆಂಬರಿನಲ್ಲಿ ಔಟರ್ ರಿಂಗ್ ರೋಡ್ ಮುಳುಗಿ, ಬೆಳ್ಳಂದೂರಿನ ಟೆಕ್ಕಿಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಫೋಟೊ ಲೋಕವೆಲ್ಲ ನೋಡಿತು. ಆ ವಾರ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಎರಡು ಸಿದ್ಧಾಂತ ಓಡಾಡಿದವು. ಮೋಡಬಿತ್ತನೆ ಮಾಡಿ ಬೇಕಂತಲೇ ಮಳೆ ತರಿಸಿದ್ದಾರೆ ಅನ್ನೋದು ಒಂದು. ಬೆಂಗಳೂರಿನ ಹೆಸರು ಕೆಡಿಸೋಕೆ ಪಕ್ಕದ ರಾಜ್ಯದವರು ಮೀಡಿಯಾಗೆ ದುಡ್ಡು ಕೊಟ್ಟಿದ್ದಾರೆ ಅನ್ನೋದು ಇನ್ನೊಂದು. ಎರಡಕ್ಕೂ ಥಂಬ್ಸ್‌ಅಪ್ ಸಾಲುಸಾಲಾಗಿ ಬಿದ್ದವು. ನಾನು ಎ.ಟಿ. ರಾಮಸ್ವಾಮಿ ಸಮಿತಿ 2007ರಲ್ಲಿ ಬೆಂಗಳೂರಿನ ಸರ್ಕಾರಿ ಜಮೀನು ಒತ್ತುವರಿ ಬಗ್ಗೆ ಕೊಟ್ಟ ವರದಿಯ ವಿಷಯ ಎತ್ತಿದೆ. ಜೊತೆಗೆ ನಮ್ಮ ಬಡಾವಣೆಯ ಹಳೇ ಕಂದಾಯ ನಕ್ಷೆ ಹಾಕಿ, ರಾಜಕಾಲುವೆ ಎಲ್ಲಿ ಹಾದುಹೋಗುತ್ತಿತ್ತು ಅಂತ ಕೆಂಪು ಗೆರೆ ಎಳೆದೆ. ಗೆರೆ ನಮ್ಮ ಕ್ಲಬ್‌ಹೌಸಿನ ಕೆಳಗೆ ಹೋಗುತ್ತಿತ್ತು.

ಅಡ್ಮಿನ್ ಐದೇ ನಿಮಿಷದಲ್ಲಿ ಬರೆದರು: ‘ಸರ್, ದಯವಿಟ್ಟು ಗ್ರೂಪಿನಲ್ಲಿ ರಾಜಕೀಯ ಬೇಡ. ರೀಸೇಲ್ ವ್ಯಾಲ್ಯೂ ಬಗ್ಗೆನೂ ಸ್ವಲ್ಪ ಯೋಚನೆ ಮಾಡಿ.’